ಸ್ಯಾಟಲೈಟ್ ಮೋಡೆಮ್ ಅಲಾರಂ: ರಿಲೇ, ಓಪನ್ ಕಲೆಕ್ಟರ್, ಟ್ರ್ಯಾಪ್ ಮೂರರಲ್ಲಿ ನನ್ನ ಓಟು ರಿಲೇಗೆ

ಮೋಡೆಮ್ ಕೆಟ್ಟರೆ ಸುದ್ದಿ ಕೊಡುವ ದಾರಿ ಮೂರು: ರಿಲೇ ಎಂಬ ವಿದ್ಯುತ್ ಸ್ವಿಚ್, ಓಪನ್ ಕಲೆಕ್ಟರ್ ಎಂಬ ಟ್ರಾನ್ಸಿಸ್ಟರ್ ಔಟ್‌ಪುಟ್, ನೆಟ್‌ವರ್ಕ್‌ನಲ್ಲಿ ಹೋಗುವ ಟ್ರ್ಯಾಪ್ ಸಂದೇಶ. ಮೂರನ್ನೂ ಬಳಸಿ ನೋಡಿದ್ದೇನೆ. ಮೋಡೆಮ್ ಕೈಕೊಟ್ಟಾಗ ನನ್ನನ್ನು ಎಬ್ಬಿಸುವ ಕೆಲಸವನ್ನು ನಾನು ನಂಬಿ ಒಪ್ಪಿಸುವುದು ರಿಲೇ ಕಾಂಟ್ಯಾಕ್ಟ್‌ಗೆ ಮಾತ್ರ. ಹೊಸದಾಗಿ ಬಂದ ಮೋಡೆಮ್‌ನಲ್ಲಿ ಅದು ಇರಲಿಲ್ಲ, ಬರೀ ಓಪನ್ ಕಲೆಕ್ಟರ್ ಔಟ್‌ಪುಟ್. ಅದರ ಜೊತೆ ಪಟ್ಟ ಪಾಡೇ ಈ ಬರಹಕ್ಕೆ ಕಾರಣ.

ರಿಲೇಗೆ ಮೂರು ಪಿನ್: ಕಾಮನ್, ಎನ್‌ಓ (ರಿಲೇ ಎಳೆದುಕೊಂಡಾಗ ಮಾತ್ರ ಕಾಮನ್‌ಗೆ ಕೂಡುವುದು), ಎನ್‌ಸಿ (ರಿಲೇ ಬಿಟ್ಟಾಗ ಕೂಡುವುದು). ನನ್ನ ಹಳೆಯ ಮೋಡೆಮ್‌ನಲ್ಲಿ ಎಲ್ಲ ಸರಿಯಿರುವಷ್ಟು ಹೊತ್ತು ರಿಲೇ ಎಳೆದುಕೊಂಡಿರುತ್ತದೆ. ಫಾಲ್ಟ್ ಬಂದರೆ ಬಿಡುತ್ತದೆ, ಕರೆಂಟ್ ಹೋದರೂ ಬಿಡುತ್ತದೆ. ಹಾಗಾಗಿ ನಾನು ಅಲಾರಂ ಪ್ಯಾನೆಲ್‌ನ ವೈರ್ ಹಾಕುವುದು ಕಾಮನ್ ಮತ್ತು ಎನ್‌ಓಗೆ. ಪವರ್ ಸಪ್ಲೈ ಸುಡಲಿ, ಇಲಿ ವೈರ್ ಕಡಿಯಲಿ, ಲೂಪ್ ತೆರೆದು ಪ್ಯಾನೆಲ್ ಕೂಗುತ್ತದೆ. ಎನ್‌ಸಿಗೆ ಹಾಕಿದರೂ ಫಾಲ್ಟ್‌ಗೆ ಕೂಗುತ್ತದೆ ನಿಜ, ಆದರೆ ವೈರ್ ತುಂಡಾದದ್ದು ಯಾರಿಗೂ ತಿಳಿಯುವುದಿಲ್ಲ. ಕೈಪಿಡಿಯ ಚಿತ್ರವನ್ನಷ್ಟೇ ನಂಬಬೇಡಿ. ಪ್ಯಾನೆಲ್ ವೈರ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಮೋಡೆಮ್ ಆನ್ ಇದ್ದಾಗ ಒಮ್ಮೆ, ಪವರ್ ತೆಗೆದು ಒಮ್ಮೆ ನೋಡಿ.

ಇನ್ನು ಓಪನ್ ಕಲೆಕ್ಟರ್. ಒಳಗಿರುವುದು ಒಂದು ಟ್ರಾನ್ಸಿಸ್ಟರ್. ಅದು ಪಿನ್ನನ್ನು ಗ್ರೌಂಡ್‌ಗೆ ಎಳೆಯುತ್ತದೆ ಅಷ್ಟೇ, ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಪಿನ್ನನ್ನು ಪ್ಲಸ್ ವೋಲ್ಟೇಜ್‌ಗೆ ಕಟ್ಟುವ ಪುಲ್‌ಅಪ್ ರೆಸಿಸ್ಟರ್ ನಾವೇ ಹಾಕಬೇಕು. ಪ್ಲಸ್ ಮೈನಸ್ ಅದಲುಬದಲಾಗುವಂತಿಲ್ಲ. ಮೋಡೆಮ್ ಮತ್ತು ಪ್ಯಾನೆಲ್‌ನ ಗ್ರೌಂಡ್ ಒಂದೇ ಆಗಬೇಕು. ಇಷ್ಟನ್ನಾದರೂ ಸಹಿಸಬಹುದು.

ಸಹಿಸಲಾಗದ್ದು ಇದು: ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲಿ ಫಾಲ್ಟ್ ಆದಾಗ ಟ್ರಾನ್ಸಿಸ್ಟರ್ ಆನ್ ಆಗುತ್ತಿತ್ತು. ಮೋಡೆಮ್‌ನ ಪವರ್ ಪ್ಲಗ್ ಕಿತ್ತು ಪ್ಯಾನೆಲ್ ಮುಂದೆ ನಿಂತೆ. ಹಸಿರು ದೀಪ ಹಾಗೇ ಉರಿಯುತ್ತಿತ್ತು! ಕರೆಂಟೇ ಇಲ್ಲದ ಟ್ರಾನ್ಸಿಸ್ಟರ್ ಆನ್ ಆಗುವುದಾದರೂ ಹೇಗೆ? ಸತ್ತ ಮೋಡೆಮ್, ಆರೋಗ್ಯವಾಗಿರುವ ಮೋಡೆಮ್, ಎರಡೂ ಪ್ಯಾನೆಲ್‌ಗೆ ಒಂದೇ. ಅಲಾರಂ ಅಂತ ಇಡುವುದೇ ಈ ಹೊತ್ತಿಗೆ ಅಲ್ವಾ?

ಮೆನುವಿನಲ್ಲಿ ಹುಡುಕಿದಾಗ ಔಟ್‌ಪುಟ್ ತಿರುಗಿಸುವ ಆಯ್ಕೆ ಸಿಕ್ಕಿತು. ಈಗ ಸರಿಯಿದ್ದಾಗ ಆನ್, ಫಾಲ್ಟ್‌ಗೆ ಆಫ್. ಆ ಟ್ರಾನ್ಸಿಸ್ಟರ್‌ನಿಂದ ಒಂದು ಪುಟ್ಟ ರಿಲೇ ನಡೆಸಿ, ಕಾಯಿಲ್‌ಗೆ ಅಡ್ಡವಾಗಿ ಡಯೋಡ್ ಹಾಕಿದೆ. ಪುಲ್‌ಅಪ್ ಬೇಡವಾಯಿತು, ಗ್ರೌಂಡ್ ಗೋಳೂ ತಪ್ಪಿತು. ಟ್ರಾನ್ಸಿಸ್ಟರ್ ಎಷ್ಟು ವೋಲ್ಟೇಜ್, ಎಷ್ಟು ಕರೆಂಟ್ ತಾಳುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕೊನೆಗೆ ರಿಲೇಯೇ ಬೇಕಾಯಿತು ನೋಡಿ.

ಎಸ್‌ಎನ್‌ಎಂಪಿ ಟ್ರ್ಯಾಪ್ ಎಂದರೆ ಮೋಡೆಮ್ ನೆಟ್‌ವರ್ಕ್ ಮೂಲಕ ತಾನಾಗಿ ಕಳಿಸುವ ಸಂದೇಶ. ಅದಕ್ಕೆ ವೈರಿಂಗ್ ಇಲ್ಲ, ಯಾವ ಫಾಲ್ಟ್ ಎಂದೂ ಹೇಳುತ್ತದೆ. ಆದರೆ ಅದು ಹೋಗುವುದು ಯುಡಿಪಿ (ತಲುಪಿದ್ದಕ್ಕೆ ಉತ್ತರ ಕೇಳದ ಬಗೆ) ಪೋರ್ಟ್ 162ರಲ್ಲಿ, ತಲುಪಿತೇ ಎಂಬ ಖಾತ್ರಿಯಿಲ್ಲ. ದೂರದ ಸೈಟ್‌ನಲ್ಲಿ ಸ್ಯಾಟಲೈಟ್ ಲಿಂಕೇ ಬಿದ್ದರೆ ಟ್ರ್ಯಾಪ್‌ಗೆ ಬೇರೆ ದಾರಿ ಎಲ್ಲಿದೆ?

ಆದ್ದರಿಂದ ಅಲಾರಂ ಮಾಸ್ಕ್‌ನಲ್ಲಿ (ಯಾವ ಫಾಲ್ಟ್ ಎಲ್ಲಿಗೆ ಹೋಗಬೇಕೆಂದು ಆರಿಸುವ ಸೆಟ್ಟಿಂಗ್) ಕೆಲಸ ಹಂಚಿದ್ದೇನೆ. ಡಿಮಾಡ್ ಅನ್‌ಲಾಕ್ (ಬರುವ ಸಿಗ್ನಲ್‌ನ ಹಿಡಿತ ತಪ್ಪುವುದು), ಟ್ರಾನ್ಸ್‌ಮಿಟ್ ಫಾಲ್ಟ್, ರೆಫರೆನ್ಸ್ (ಮೋಡೆಮ್ ಅಳತೆಗೋಲಾಗಿ ಹಿಡಿಯುವ ಗಡಿಯಾರ ಸಿಗ್ನಲ್) ಹೋದದ್ದು ರಿಲೇಗೆ. ಸಿಗ್ನಲ್ ಸ್ವಲ್ಪ ಇಳಿದರೆ ಟ್ರ್ಯಾಪ್ ಸಾಕು. ಜೋರು ಮಳೆಯಲ್ಲಿ ಲಾಕ್ ಹೋಗಿ ಬಂದು ಮಾಡುತ್ತದೆ, ಅದಕ್ಕೆ ಪ್ಯಾನೆಲ್‌ನಲ್ಲಿ ಕೆಲವು ಸೆಕೆಂಡ್ ತಡ ಇಟ್ಟಿದ್ದೇನೆ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಸೂರ್ಯ ಸ್ಯಾಟಲೈಟ್‌ನ ಹಿಂದೆ ಬಂದಾಗ ಅದರ ಗದ್ದಲದಲ್ಲಿ ಸಿಗ್ನಲ್ ಮುಳುಗಿ ಕೆಲವು ನಿಮಿಷ ಕೂಗಿಯೇ ಕೂಗುತ್ತದೆ. ಕೂಗಲಿ, ಅದಕ್ಕಾಗಿ ನಾನು ಅಲಾರಂ ಮುಚ್ಚುವುದಿಲ್ಲ.

ದಿನವಿಡೀ ಮಾನಿಟರ್ ಮುಂದೆ ಕೂರುವವರಿಗೆ, ಲಿಂಕ್ ಬಿಟ್ಟು ಬೇರೆ ದಾರಿಯೂ ಇದ್ದರೆ, ಟ್ರ್ಯಾಪ್ ಸಾಕಾಗಬಹುದು. ನಾನು ಕೂರುವವನಲ್ಲ. ಮುಂದಿನ ಮೋಡೆಮ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ, ಹಿಂಬದಿಯಲ್ಲಿ ಆ ಮೂರು ಪಿನ್ ಇರುವುದನ್ನೇ ತರುತ್ತೇನೆ.