ಟಿಎಲ್-ಪಿಎ8010ಪಿ ಪವರ್‌ಲೈನ್ ಕಿಟ್: ಎಕ್ಸ್10 ಇರುವ ವೈರಿಂಗ್‌ಗೆ ಒಗ್ಗುತ್ತದೆಯೇ?

ಟಿಪಿ-ಲಿಂಕ್‌ನ ಟಿಎಲ್-ಪಿಎ8010ಪಿ, ಮನೆಯ ವಿದ್ಯುತ್ ತಂತಿಯ ಮೂಲಕವೇ ನೆಟ್‌ವರ್ಕ್ ಸಾಗಿಸುವ ಎರಡು ಅಡಾಪ್ಟರ್‌ಗಳ ಕಿಟ್. ಹೋಮ್‌ಪ್ಲಗ್ ಎವಿ2 ಎಂಬ ಪವರ್‌ಲೈನ್ ಮಾನದಂಡ, ಒಂದು ಗಿಗಾಬಿಟ್ ಪೋರ್ಟ್, ಮುಂಭಾಗದಲ್ಲಿ ಇನ್ನೊಂದು ಉಪಕರಣಕ್ಕೆ ಸಾಕೆಟ್. ಡಬ್ಬಿಯ ಮೇಲಿನ 1200 (ಸೆಕೆಂಡಿಗೆ ಮೆಗಾಬಿಟ್) ಎಂಬ ಅಂಕಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಅದು ತಂತಿಯ ಮೇಲಿನ ಕಚ್ಚಾ ವೇಗ, ಎರಡೂ ದಿಕ್ಕಿಗೆ ಹಂಚಿಹೋಗುವಂಥದ್ದು, ಕೈಗೆ ದಕ್ಕುವುದು ಅದರಲ್ಲೊಂದು ಪಾಲು. ಜೋಡಿಸುವುದು ಸುಲಭ: ಒಂದರ ಪೇರ್ ಬಟನ್ ಒತ್ತಿ, 2 ನಿಮಿಷದೊಳಗೆ ಇನ್ನೊಂದರದ್ದು ಒತ್ತಿದರೆ 128 ಬಿಟ್ ಎಇಎಸ್ ಗೂಢಲಿಪಿಯೊಂದಿಗೆ ಸಂಪರ್ಕ ಸಿದ್ಧ. ತಲೆನೋವು ಶುರುವಾಗುವುದು ಅದೇ ತಂತಿಯಲ್ಲಿ ದೀಪ, ಉಪಕರಣಗಳನ್ನು ನಿಯಂತ್ರಿಸುವ ಎಕ್ಸ್10ನಂಥ ಹೋಮ್ ಆಟೊಮೇಷನ್ ಕೂಡ ಓಡುತ್ತಿದ್ದರೆ.

ಜಿಗ್‌ಬೀ, ಝಡ್-ವೇವ್ ಬಳಸುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು. ಅವು ರೇಡಿಯೊ, ಇದರ ಗೊಡವೆ ಅವಕ್ಕಿಲ್ಲ.

ಎಕ್ಸ್10 ಮಾತು ಬೇರೆ. ಅದು 120 ಕಿಲೋಹರ್ಟ್ಸ್‌ನ ಸುಮಾರು 1 ಮಿಲಿಸೆಕೆಂಡ್ ಉದ್ದದ ತುಣುಕುಗಳನ್ನು ಎಸಿ ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲಿ ಕಳಿಸುತ್ತದೆ. ಅದೇ ಬಗೆಯ ಇನ್ನೊಂದು ವ್ಯವಸ್ಥೆ ಇನ್‌ಸ್ಟಿಯಾನ್‌ನದು 131.65 ಕಿಲೋಹರ್ಟ್ಸ್. ಮೂರನೆಯದು ಯುಪಿಬಿ, ಅದು ಇನ್ನೂ ಕೆಳಗೆ, 4ರಿಂದ 40 ಕಿಲೋಹರ್ಟ್ಸ್. ಎವಿ2 ಕೆಲಸ ಮಾಡುವುದು ಸುಮಾರು 2ರಿಂದ 86 ಮೆಗಾಹರ್ಟ್ಸ್ ನಡುವೆ. ಇಷ್ಟು ಅಂತರವಿರುವಾಗ ಡೇಟಾ ಹರಿವು ಎಕ್ಸ್10 ಸಿಗ್ನಲ್ ಮೇಲೆ ನೇರವಾಗಿ ಬಂದು ಕೂರುವುದು ಅಪರೂಪ. ಆದರೂ ಅಡಾಪ್ಟರ್ ಚುಚ್ಚಿದ ಮೇಲೆ ಬಲ್ಬು ಹೊತ್ತಲಿಲ್ಲ ಎಂಬ ದೂರು ಸುಳ್ಳಲ್ಲ.

ಕಾರಣ ಅಡಾಪ್ಟರ್‌ನ ಒಳಗಿನ ಪವರ್ ಸಪ್ಲೈ. ಯಾವ ಕಂಪನಿಯದಾದರೂ ಇಂಥ ಸಪ್ಲೈಗಳಲ್ಲಿ ಲೈನ್-ನ್ಯೂಟ್ರಲ್ ನಡುವೆ ಸಾಮಾನ್ಯವಾಗಿ ಗದ್ದಲ ತಡೆಯುವ ಒಂದು ಎಕ್ಸ್ ಕೆಪಾಸಿಟರ್ ಇರುತ್ತದೆ. ಅದು 0.1 ಮೈಕ್ರೋಫ್ಯಾರಡ್ ಎಂದುಕೊಳ್ಳಿ: 50 ಹರ್ಟ್ಸ್‌ಗೆ 32 ಕಿಲೋಓಮ್ ತಡೆ, ಲೆಕ್ಕಕ್ಕಿಲ್ಲ, 120 ಕಿಲೋಹರ್ಟ್ಸ್‌ಗೆ ಬರೀ 13 ಓಮ್. 0.47 ಆದರೆ 3 ಓಮ್‌ಗೂ ಕಡಿಮೆ. ಎಕ್ಸ್10 ಸಿಗ್ನಲ್ ಅದರೊಳಗೇ ಇಂಗಿಹೋಗುತ್ತದೆ. ಮೆಗಾಹರ್ಟ್ಸ್ ಸಿಗ್ನಲ್ ಹೀಗೆ ಸೋರದಂತೆ ಕೆಪಾಸಿಟರ್ ಮುಂದೆ ಚಿಕ್ಕ ಚೋಕ್ (ತಂತಿಸುರುಳಿ) ಇಡುವುದುಂಟು. 10 ಮೈಕ್ರೋಹೆನ್ರಿ ಚೋಕ್ 2 ಮೆಗಾಹರ್ಟ್ಸ್‌ಗೆ 125 ಓಮ್ ಒಡ್ಡುತ್ತದೆ, ಆದರೆ 120 ಕಿಲೋಹರ್ಟ್ಸ್‌ಗೆ 7.5 ಓಮ್ ಮಾತ್ರ. ಅದೂ ಕೆಪಾಸಿಟರ್‌ಗೆ ವಿರುದ್ಧ ಚಿಹ್ನೆಯದು, ಹಾಗಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೊತೆ ಒಟ್ಟು ತಡೆ ಇನ್ನೂ ಇಳಿಯುತ್ತದೆ. ಯುಪಿಬಿ ಇದರಿಂದ ಬಹುಪಾಲು ಬಚಾವ್: 20 ಕಿಲೋಹರ್ಟ್ಸ್‌ಗೆ ಅದೇ ಕೆಪಾಸಿಟರ್ 80 ಓಮ್. ಇನ್‌ಸ್ಟಿಯಾನ್ ಡ್ಯುಯಲ್ ಬ್ಯಾಂಡ್ ಮಾಡ್ಯೂಲ್‌ಗಳು ರೇಡಿಯೊದಲ್ಲೂ ಮಾತಾಡುತ್ತವೆ, ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತವೆ. ಮೂಲ ಎಕ್ಸ್10ಗೆ ಆ ಭಾಗ್ಯವಿಲ್ಲ. ಆದೇಶ ಕಳೆದುಹೋದರೆ ಕಳಿಸಿದವನಿಗೆ ಸುಳಿವೇ ಸಿಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಅತಿ ದೂರದ ಮಾಡ್ಯೂಲ್‌ಗೆ ಆನ್, ಆಫ್ ಕಳಿಸುತ್ತ, ಮೊದಲು ಈಥರ್ನೆಟ್ ಕೇಬಲ್ ಮಾತ್ರ ಕಿತ್ತು ನೋಡಿ. ದೋಷ ಹಾಗೇ ಉಳಿದು, ಅಡಾಪ್ಟರನ್ನೇ ಸಾಕೆಟ್‌ನಿಂದ ಕಿತ್ತಾಗ ಮಾಯವಾದರೆ ಅದು ಕೆಪಾಸಿಟರ್ ಸಿಗ್ನಲನ್ನು ನುಂಗುವ ಹೀರುವಿಕೆ. ನೆಟ್‌ವರ್ಕ್ ಸೆಟ್ಟಿಂಗ್ ತಿದ್ದಿ ಉಪಯೋಗವಿಲ್ಲ. ದೊಡ್ಡ ಫೈಲ್ ನಕಲಾಗುವಾಗ ಮಾತ್ರ ತೊಂದರೆ ಕಂಡರೆ ರಿಸೀವರ್ ಗದ್ದಲಕ್ಕೆ ತಡಬಡಾಯಿಸುತ್ತಿದೆ ಎಂದರ್ಥ.

ಹೀರುವಿಕೆಗೆ ಮದ್ದು ಜಾಗ ಬದಲಿಸುವುದು. ಎಕ್ಸ್10 ಟ್ರಾನ್ಸ್‌ಮಿಟರ್ ಇರುವ ಸರ್ಕ್ಯೂಟ್ ಬಿಟ್ಟು ಬೇರೆ ಬ್ರೇಕರ್‌ನ ಸಾಕೆಟ್‌ಗೆ ಅಡಾಪ್ಟರ್ ಒಯ್ಯಿರಿ. ಅದೇ ಸರ್ಕ್ಯೂಟ್‌ನಲ್ಲಿ ಒಂದೆರಡು ಮೀಟರ್ ಆಚೀಚೆ ಸರಿಸಿದರೆ ಕೆಲವೊಮ್ಮೆ ಇನ್ನೂ ಹದಗೆಡುತ್ತದೆ, ಏಕೆಂದರೆ ತಂತಿಯ ಇಂಡಕ್ಟನ್ಸ್ ಕೂಡ ಆ ಚೋಕ್‌ನಂತೆಯೇ ಕೆಪಾಸಿಟರ್ ಜೊತೆ ಕೈಜೋಡಿಸುತ್ತದೆ. ಎಕ್ಸ್10 ಮೀಟರ್ ಇದ್ದರೆ ರಿಸೀವರ್ ಬಳಿ 100 ಮಿಲಿವೋಲ್ಟ್ ಉಳಿದಿದೆಯೇ ನೋಡಿ.

ಈ ಕಿಟ್‌ನ ದೊಡ್ಡ ಬಲೆ ಮುಂಭಾಗದ ಸಾಕೆಟ್. ಅದರೊಳಗೆ ಗದ್ದಲದ ಫಿಲ್ಟರ್ ಇದೆ. ಚಾರ್ಜರ್, ಟಿವಿ, ಗೇಮ್ ಕನ್ಸೋಲ್‌ಗಳಿಗೆ ಬಹಳ ಒಳ್ಳೆಯದು. ಎಕ್ಸ್10 ಟ್ರಾನ್ಸ್‌ಸೀವರ್ ಅಥವಾ ಲ್ಯಾಂಪ್ ಮಾಡ್ಯೂಲನ್ನು ಅಲ್ಲಿ ಚುಚ್ಚಿದರೆ ಮಾತ್ರ ಅದರ ಬಾಯಿ ಕಟ್ಟಿದಂತೆ. ಮಾಡ್ಯೂಲ್‌ಗಳು ಗೋಡೆಯ ಸಾಕೆಟ್‌ಗೇ ಹೋಗಲಿ. ಅಡಾಪ್ಟರ್ ಕೂಡ ಅಷ್ಟೇ: ಎಕ್ಸ್10 ಫಿಲ್ಟರ್ ಹಿಂದೆಯೂ ಸರ್ಜ್ ಸ್ಟ್ರಿಪ್‌ನಲ್ಲೂ ಇದನ್ನು ಹಾಕಬೇಡಿ, ಅವು ಎವಿ2 ಸಿಗ್ನಲನ್ನೂ ನುಂಗುತ್ತವೆ. ಫಿಲ್ಟರ್ ಬೇಕಿರುವುದು ಹೀರುವ, ಗದ್ದಲ ಮಾಡುವ ಇತರ ಉಪಕರಣಗಳಿಗೆ.

ಇನ್ನೆರಡು ವಿಷಯ. ಈ ಮಾದರಿಯ 2×2 ಮಿಮೊ (ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ತಂತಿಜೋಡಿಯಲ್ಲಿ ಡೇಟಾ ಕಳಿಸುವ ವಿಧಾನ) ಅರ್ಥಿಂಗ್ ತಂತಿಯನ್ನೂ ಬಳಸುತ್ತದೆ. ಅರ್ಥ್ ಇಲ್ಲದ ಸಾಕೆಟ್‌ನಲ್ಲಿ ವೇಗ ಕುಸಿದರೆ ಆಶ್ಚರ್ಯವಿಲ್ಲ. ಹಳೆಯ ಟ್ರಯಾಕ್ ಡಿಮ್ಮರ್‌ಗಳು ಎರಡೂ ವ್ಯವಸ್ಥೆಗೆ ಕಾಟ ಕೊಡುತ್ತವೆ. ಲಿಂಕ್ ವೇಗ ತೋರಿಸುವ ಟಿಪಿ-ಲಿಂಕ್‌ನ ಟಿಪಿಪಿಎಲ್‌ಸಿ ತಂತ್ರಾಂಶ ತೆರೆದಿಟ್ಟು ಡಿಮ್ಮರ್ ತಿರುಗಿಸಿ. ಲಿಂಕ್ ವೇಗ ಧಡ್ ಅಂತ ಇಳಿದರೆ ಮೊದಲು ಬದಲಿಸಬೇಕಾದ್ದು ಆ ಡಿಮ್ಮರ್.

ಯುಪಿಬಿ, ಡ್ಯುಯಲ್ ಬ್ಯಾಂಡ್ ಇನ್‌ಸ್ಟಿಯಾನ್ ಇರುವವರು ಧೈರ್ಯವಾಗಿ ಕೊಳ್ಳಬಹುದು. ಬರೀ ಎಕ್ಸ್10 ಆದರೆ ವಾಪಸ್ ಕೊಡುವ ಅವಕಾಶವಿರುವ ಕಡೆ ಕೊಂಡು, ಎರಡೇ ಅಡಾಪ್ಟರ್‌ಗೆ ನಿಲ್ಲಿಸಿ; ಮೂರನೆಯದು ಬೇಕೆನಿಸಿದ ಜಾಗಕ್ಕೆ ಈಥರ್ನೆಟ್ ಕೇಬಲ್ ಎಳೆಸುವುದೇ ಲೇಸು.