ಹಳೆ ಔಟ್‌ಬೋರ್ಡ್‌ಗೆ ವೇಗ ಸಾಲದಾಗ: ಮೊದಲು ಪ್ರೊಪೆಲ್ಲರಾ, ಕಾರ್ಬ್ಯುರೇಟರಾ?

ಪಣಜಿಯ ಎದುರು ದಂಡೆಯ ಮಾಲಿಂ ಜೆಟ್ಟಿಯಲ್ಲಿ "ದೋಣಿ ಮೊದಲಿನ ಹಾಗೆ ಓಡ್ತಿಲ್ಲ" ಅಂತ ಹೇಳಿ ನೋಡಿ. ಕೆಲವರು ಪ್ರೊಪೆಲ್ಲರ್ ಬದಲಿಸಿ ಅನ್ನುತ್ತಾರೆ. ಕೆಲವರು ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಅನ್ನುತ್ತಾರೆ. ಇನ್ನು ಕೆಲವರ ಪ್ರಕಾರ ತಳ ಉಜ್ಜಿದರೆ ಸಾಕು, ಇಲ್ಲವೇ ಎಂಜಿನ್ನನ್ನು ಸ್ವಲ್ಪ ಮೇಲೆ ಕೂರಿಸಬೇಕು. ಈ ನಾಲ್ಕನ್ನೂ ಒಂದೇ ದೋಣಿಯ ಮೇಲೆ, ಒಂದಾದ ಮೇಲೊಂದು ಮಾಡಿ ನೋಡಿದ್ದೇನೆ. ಯಾವುದು ಎಷ್ಟು ಕೊಟ್ಟಿತು ಅಂತ ಅಂಕಿ ಸಮೇತ ಬರೆಯುತ್ತೇನೆ.

ನನ್ನದು 17 ಅಡಿಯ ಫೈಬರ್ ದೋಣಿ. ಅದರ ಹಿಂಬದಿಗೆ, ಹೊರಗೆ ತಗಲಿಸಿದ ಎಂಜಿನ್ 40 ಅಶ್ವಶಕ್ತಿಯ ಎರಡು ಸಿಲಿಂಡರ್‌ನ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್. ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 4500ರಿಂದ 5500 ಸುತ್ತು ಬರಬೇಕು ಅಂತ ಕೈಪಿಡಿ ಹೇಳುತ್ತದೆ. ಇಬ್ಬರು ಕೂತು, ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ಓಡಿಸಿದಾಗ ಬರುತ್ತಿದ್ದದ್ದು 4300 ಸುತ್ತು, 19 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಪ್ರೊಪೆಲ್ಲರ್ 13 ಇಂಚು ಪಿಚ್‌ನದು. ಪಿಚ್ ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದ ಪ್ರಕಾರ ಎಷ್ಟು ಮುಂದೆ ಹೋಗಬೇಕು ಅನ್ನುವ ಅಳತೆ.

ಅಳೆದ ರೀತಿಯನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮಾಂಡವಿ ನದಿಯಲ್ಲಿ ಭರತ-ಇಳಿತ ಇರುವಾಗ ಒಂದೇ ದಿಕ್ಕಿನ ವೇಗ ನಂಬುವಂಥದ್ದಲ್ಲ. ಸೇತುವೆಗಳ ಮೇಲ್ಬದಿಗೆ, ರಿಬಂದರ್ ಕಡೆಗೆ ನದಿ ಅಗಲವಾಗಿದೆ. ಅಲ್ಲಿ ಬೆಳಗ್ಗೆ ಬಾರ್ಜ್‌ಗಳ ಓಡಾಟ ಇಲ್ಲದಾಗ, ಚೋಡಣದ ಫೆರಿಯ ದಾರಿಗೆ ಅಡ್ಡ ಬರದ ಹಾಗೆ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಜಿಪಿಎಸ್ ನೋಡಿ ಸರಾಸರಿ ತೆಗೆದೆ. ಸುತ್ತು ಎಣಿಸಲು ಪ್ಲಗ್ ವಯರಿಗೆ ಸುತ್ತುವ ಚಿಕ್ಕ ಡಿಜಿಟಲ್ ಟ್ಯಾಕೋಮೀಟರ್ ಸಾಕು. ಅದರಲ್ಲಿ ಟೂ-ಸ್ಟ್ರೋಕ್ ಅಂತಲೇ ಆರಿಸಿರಬೇಕು. ಫೋರ್-ಸ್ಟ್ರೋಕ್‌ಗೆ ಇಟ್ಟಿದ್ದರೆ ಸುತ್ತು ದುಪ್ಪಟ್ಟು ಕಾಣಬಹುದು. ಟ್ಯಾಕೋಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ಸುಮ್ನೆ ದುಡ್ಡು ಕಳೆಯುವ ದಾರಿ ಅಂತಲೇ ನನ್ನ ಅಭಿಪ್ರಾಯ.

ಕಂಪ್ರೆಶನ್ (ಸಿಲಿಂಡರ್ ಒಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ) ಕೂಡ ಮೊದಲೇ ನೋಡಿದೆ. ಒಂದು ಸಿಲಿಂಡರ್‌ನಲ್ಲಿ 115, ಇನ್ನೊಂದರಲ್ಲಿ 120 ಪಿಎಸ್ಐ. ಎರಡರ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಂದಿನದ್ದನ್ನು ಓದುವ ಅಗತ್ಯವಿಲ್ಲ, ಎಂಜಿನ್ ಒಳಗಿನ ಕೆಲಸ ಬೇರೆಯೇ ಇದೆ.

ಮೊದಲು ಪ್ರೊಪೆಲ್ಲರ್ ಹಾಕಿ ನೋಡಿದೆ, ಯಾಕೆಂದರೆ ಜೆಟ್ಟಿಯಲ್ಲಿ ಜಾಸ್ತಿ ಕೇಳಿಬರುವ ಸಲಹೆ ಅದೇ. ಎರವಲು ತಂದ 11 ಇಂಚಿನದು. ಘಟ್ಟ ಹತ್ತುವಾಗ ಸೈಕಲ್ ಗೇರ್ ಇಳಿಸಿದ ಹಾಗೆ, ಪಿಚ್ ಇಳಿಸಿದರೆ ಎಂಜಿನ್ ಹಗುರಾಗುತ್ತದೆ. ಪಿಚ್ ಒಂದು ಇಂಚು ಇಳಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ನನ್ನದರಲ್ಲೂ ಹಾಗೆಯೇ ಆಯಿತು, 4300 ಇದ್ದದ್ದು 4700ಕ್ಕೆ ಹೋಯಿತು. ಎಂಜಿನ್ ಸದ್ದು ಕೇಳಿದರೆ ಎಲ್ಲ ಸರಿಹೋಯಿತು ಅನ್ನಿಸಬೇಕು, ಆದರೆ ಜಿಪಿಎಸ್ 18 ನಾಟ್ ತೋರಿಸಿತು. ಮೊದಲಿಗಿಂತ ಒಂದು ಕಮ್ಮಿ!

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಸುತ್ತನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ, ಮತ್ತೆ 1215ರಿಂದ ಭಾಗಿಸಿದರೆ ಜಾರಿಕೆ ಇಲ್ಲದ ವೇಗ ನಾಟ್‌ನಲ್ಲಿ ಸಿಗುತ್ತದೆ. ನನ್ನ ಗೇರ್ 2ಕ್ಕೆ 1, ಅಂದರೆ ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. 13 ಇಂಚಿಗೆ 4300 ಸುತ್ತು ಅಂದರೆ 23 ನಾಟ್. 11 ಇಂಚಿಗೆ 4700 ಸುತ್ತು ಅಂದರೆ 21ರ ಆಸುಪಾಸು. ಇದರಲ್ಲಿ ಶೇ. 10ರಿಂದ 20ರಷ್ಟು ನೀರಿನಲ್ಲಿ ಜಾರಿ ಹೋಗುತ್ತದೆ. ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚಲಿಲ್ಲ, ಅದರ ಭಾರ ಮಾತ್ರ ಇಳಿಯಿತು.

ಇದಕ್ಕಿಂತ ಗಂಭೀರ ವಿಷಯ ಇನ್ನೊಂದಿದೆ. ಹಳೆ ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಸಾಲದೆ ಎಂಜಿನ್ ಸೊರಗಿದ್ದರೆ ಆಯಿಲ್ಲೂ ಸಾಲುತ್ತಿಲ್ಲ ಅಂತಲೇ ಅರ್ಥ. ಅಂಥ ಎಂಜಿನ್ನಿಗೆ ಕಮ್ಮಿ ಪಿಚ್ ಹಾಕಿ ಇನ್ನೂ ಜೋರಾಗಿ ತಿರುಗಿಸಿದರೆ ಪಿಸ್ಟನ್ ಸಿಲಿಂಡರ್ ಒಳಗೇ ಹಿಡಿದುಕೊಂಡು ನಿಂತುಬಿಡಬಹುದು. ಅದಕ್ಕೇ, ಪೆಟ್ರೋಲ್ ಸರಿಯಾಗಿ ಹೋಗುತ್ತಿದೆಯೇ ಅಂತ ಖಾತ್ರಿಯಾಗದೆ ಪ್ರೊಪೆಲ್ಲರ್ ಬದಲಿಸಿ ಓಡಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ.

13 ಇಂಚಿನದನ್ನೇ ಮತ್ತೆ ಹಾಕಿ ಪೆಟ್ರೋಲ್ ದಾರಿ ಹಿಡಿದೆ. ನಮ್ಮ ಜೆಟ್ಟಿಯ ಮೆಕ್ಯಾನಿಕ್ ಕುಮಟಾ ಕಡೆಯ ಹುಡುಗ. "ಅಣ್ಣಾ, ಸ್ಪ್ಯಾನರ್ ಆಮೇಲೆ ತೆಗೀರಿ. ಮೊದಲು ಬಲ್ಬ್ ಒತ್ತಿ ನೋಡಿ" ಅಂದ. ಪೂರ್ತಿ ಥ್ರಾಟಲ್‌ನಲ್ಲಿ ಓಡುತ್ತಿರುವಾಗ ಜೊತೆಗಿದ್ದವರು ಪೆಟ್ರೋಲ್ ಪೈಪಿನ ಪ್ರೈಮರ್ ಬಲ್ಬನ್ನು (ಕೈಯಿಂದ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆಯನ್ನು) ಒತ್ತುತ್ತಾ ಇರಬೇಕು. ಆಗ ಸುತ್ತು ಏರಿದರೆ ಕಾರ್ಬ್ಯುರೇಟರ್‌ಗೆ ಬೇಕಾದಷ್ಟು ಪೆಟ್ರೋಲ್ ತಲುಪುತ್ತಿಲ್ಲ ಅಂತ ಅರ್ಥ. ಬಲ್ಬ್ ತಾನೇ ಚಪ್ಪಟೆಯಾಗುತ್ತಿದ್ದರೆ ತೊಂದರೆ ಟ್ಯಾಂಕ್ ಕಡೆಗಿದೆ. ಮುಚ್ಚಳದ ಗಾಳಿ ತಿರುಪು ಮುಚ್ಚಿರಬಹುದು, ಅಥವಾ ಒಳಗಿನ ಜಾಲರಿ ಕಟ್ಟಿರಬಹುದು. ನಮ್ಮದರಲ್ಲಿ ಬಲ್ಬ್ ಚಪ್ಪಟೆಯಾಗಲಿಲ್ಲ. ಒತ್ತಿದಾಗ ಸುತ್ತು ಮಾತ್ರ ಎದ್ದು ಕಾಣುವಷ್ಟು ಏರಿತು.

ಬಿಚ್ಚಿ ನೋಡಿದರೆ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ತಳ್ಳುವ ತೆಳು ಪೊರೆ) ಸೆಟೆದು ಹೋಗಿತ್ತು. ಪೈಪಿನ ಒಳಪದರ ಮೆತ್ತಗಾಗಿ ಚೂರು ಬಿಡುತ್ತಿತ್ತು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಅಲ್ವಾ? ಹಳೇ ಕಾಲದ ರಬ್ಬರ್ ಅದಕ್ಕೆ ತಡೆಯುವುದು ಕಷ್ಟ. ಮೇಲಾಗಿ ಎಥೆನಾಲ್ ನೀರು ಹೀರುತ್ತದೆ. ಮಳೆಗಾಲವಿಡೀ ಟ್ಯಾಂಕಿನಲ್ಲೇ ಕೂತ ಪೆಟ್ರೋಲ್‌ನಲ್ಲಿ ನೀರು ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಕಾರ್ಬ್ಯುರೇಟರ್‌ನ ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್‌ಗಳಲ್ಲಿ ಕಂದು ಅಂಟು ಹಿಡಿದಿತ್ತು. ಅದನ್ನು ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದಲೇ ತೆಗೆಯಬೇಕು. ತಂತಿ ಹಾಕಿ ಕೆದಕಿದರೆ ತೂತು ದೊಡ್ಡದಾಗುವ ಭಯ ಇದೆ. ಡಯಾಫ್ರಾಮ್, ಗ್ಯಾಸ್ಕೆಟ್ ಕಿಟ್, ಎಥೆನಾಲ್ ತಡೆಯುವ ಹೊಸ ಪೈಪು, ಬಲ್ಬು, ಫಿಲ್ಟರ್ ಎಲ್ಲ ಹಾಕಿದೆವು. ಥ್ರಾಟಲ್ ಕೇಬಲ್ ಸಡಿಲಾಗಿ, ಹಿಡಿ ಪೂರ್ತಿ ಮುಂದೆ ಇದ್ದರೂ ಕಾರ್ಬ್ಯುರೇಟರ್ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಅದನ್ನೂ ಬಿಗಿ ಮಾಡಿದೆವು.

ಆಮೇಲೆ 4900 ಸುತ್ತು, 22 ನಾಟ್ ಬಂತು. ಇಷ್ಟಕ್ಕೆ ತಗಲಿದ್ದು ಹೊಸ ಪ್ರೊಪೆಲ್ಲರ್ ಬೆಲೆಗಿಂತ ಕಮ್ಮಿ.

ತಳ ಉಜ್ಜುವುದಕ್ಕೆ ದುಡ್ಡು ಬೇಕಿಲ್ಲ, ತೋಳು ಬೇಕು. ಮಾಂಡವಿಯ ಉಪ್ಪು ನೀರಿನಲ್ಲಿ ಕಟ್ಟಿಟ್ಟ ದೋಣಿಗೆ ಚಿಪ್ಪು ಹತ್ತುವುದು ತಪ್ಪುವುದಿಲ್ಲ. ಎಂಜಿನ್ನಿನ ಕೆಳಗಿನ ಕಾಲಿಗೂ ಹತ್ತಿರುತ್ತದೆ, ಅಲ್ಲಿ ಕಣ್ಣು ಹೋಗುವುದು ಅಪರೂಪ. ನೀರು ಎಳೆಯುವ ಕಿಂಡಿಗೆ ಹತ್ತಿದರೆ ಎಂಜಿನ್ ಬಿಸಿಯಾಗುತ್ತದೆ. ಪೂರ್ತಿ ಕೆರೆದು ತೊಳೆದ ಮೇಲೆ ಸುತ್ತು 5000, ವೇಗ 23 ನಾಟ್.

ಕೊನೆಗೆ ಎಂಜಿನ್ ಎತ್ತರ. ಪ್ರೊಪೆಲ್ಲರ್ ಮೇಲಿರುವ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರಬೇಕು. ನಮ್ಮದು ತಳಕ್ಕಿಂತ ಕೆಳಗಿತ್ತು, ಅಂದರೆ ಅಷ್ಟು ಲೋಹವನ್ನು ಸುಮ್ಮನೆ ನೀರಿನಲ್ಲಿ ಎಳೆಯುತ್ತಿದ್ದೆವು. ಒಂದು ಬೋಲ್ಟ್ ತೂತಿನಷ್ಟು ಮೇಲೆ ಕೂರಿಸಿದೆವು. 5150 ಸುತ್ತು, 24 ನಾಟ್. ಇದಕ್ಕಿಂತ ಮೇಲೆತ್ತುವುದು ನನಗೆ ಇಷ್ಟವಿಲ್ಲ. ಅಗ್ವಾದ ಕಡೆ ಅಳಿವೆಯಲ್ಲಿ ಅಲೆ ಎದ್ದಾಗ ಪ್ರೊಪೆಲ್ಲರ್ ಗಾಳಿ ಹಿಡಿದು ಖಾಲಿ ತಿರುಗುತ್ತದೆ. ವೇಗಕ್ಕಿಂತ ಅಲ್ಲಿ ನೀರಿನ ಹಿಡಿತ ಮುಖ್ಯ.

ನಿಮ್ಮ ಎಂಜಿನ್ ಇದಕ್ಕೆ ಉಲ್ಟಾ ಲಕ್ಷಣ ತೋರಿಸಿದರೆ, ಅಂದರೆ ಸುತ್ತು ಬೇಕಾದಷ್ಟು ಬಂದೂ ದೋಣಿ ಓಡದಿದ್ದರೆ, ಪ್ರೊಪೆಲ್ಲರ್ ನಡುವಿನ ರಬ್ಬರ್ ಬುಷ್ ಜಾರುತ್ತಿರಬಹುದು. ಒಳಗಿನ ಬುಷ್‌ನಿಂದ ಹೊರಗಿನ ಹಬ್‌ವರೆಗೆ ಪೇಂಟ್‌ನಲ್ಲಿ ಒಂದು ಗೆರೆ ಎಳೆದು ಜೋರಾಗಿ ಓಡಿಸಿ ಬನ್ನಿ. ಗೆರೆ ಮುರಿದು ಅತ್ತಿತ್ತ ಆಗಿದ್ದರೆ ಅದೇ ಕಾರಣ. ಆಗ ಪ್ರೊಪೆಲ್ಲರ್ ಮೇಲೆ ದುಡ್ಡು ಹಾಕುವುದು ಸರಿ. ಸ್ಟೀಲ್ ಪ್ರೊಪೆಲ್ಲರ್ ನಾನು ಬಯಸುವುದಿಲ್ಲ. ಇಲ್ಲಿ ಮರಳು ದಿಬ್ಬ, ಬಂಡೆ ಎರಡೂ ಇವೆ. ಅಲ್ಯೂಮಿನಿಯಂ ಆದರೆ ಎಲೆ ಮುರಿದು ಗೇರ್ ಉಳಿಯುವ ಸಾಧ್ಯತೆ ಹೆಚ್ಚು.

11 ಇಂಚಿನದನ್ನು ವಾಪಸ್ ಕೊಡಲಿಲ್ಲ, ಕೊಂಡುಕೊಂಡೆ. ಎಂಜಿನ್ ಸರಿಹೋದ ಮೇಲೆ ಅದಕ್ಕೂ ಕೆಲಸ ಸಿಕ್ಕಿತು. ಐದು ಜನ, ಗಾಳದ ಸಾಮಾನು, ಐಸ್ ಡಬ್ಬಿ ಎಲ್ಲ ಇದ್ದಾಗ 13 ಇಂಚು 4600 ಸುತ್ತಿಗೆ ನಿಲ್ಲುತ್ತದೆ, 11 ಇಂಚು 5150 ತಲುಪುತ್ತದೆ. ಆಗ ಎರಡರದ್ದೂ ಕೊನೆಯ ವೇಗ 19-20 ನಾಟ್, ಹೆಚ್ಚುಕಮ್ಮಿ ಒಂದೇ. ಆದರೆ 11 ಹಾಕಿದಾಗ ದೋಣಿ ಬೇಗ ನೀರಿನ ಮೇಲೆದ್ದು ಓಡುತ್ತದೆ, ಎಂಜಿನ್ನೂ ಮುಕ್ಕರಿಯುವುದಿಲ್ಲ. ಜನ ಜಾಸ್ತಿ ಇದ್ದ ದಿನ ಅದನ್ನು ಹಾಕುತ್ತೇನೆ, ಇಬ್ಬರೇ ಹೋಗುವ ದಿನ 13.