ಇಸಬ್ಗೋಲ್, ಗೋಧಿ ತೌಡು, ಇನ್ಯುಲಿನ್, ಗೌರ್ ಗಮ್: ವ್ಯಾಯಾಮ ಮಾಡುವವರ ಹೊಟ್ಟೆಗೆ ಯಾವ ನಾರು ಒಗ್ಗುತ್ತದೆ?

ನಿತ್ಯ ವ್ಯಾಯಾಮ ಮಾಡುವವರ ಹೊಟ್ಟೆಯ ದೂರುಗಳು ಮುಖ್ಯವಾಗಿ ಎರಡು ಬಗೆ. ಭಾರ ಎತ್ತುವವರನ್ನು ಹೆಚ್ಚಾಗಿ ಕಾಡುವುದು ಮಲಬದ್ಧತೆ. ಪ್ರೋಟೀನ್ ಹೆಚ್ಚಿಸುವ ಭರದಲ್ಲಿ ತಟ್ಟೆಯಿಂದ ಕಾಳು, ತರಕಾರಿ, ಹಣ್ಣು ಜಾಗ ಖಾಲಿ ಮಾಡಿರುತ್ತವೆ, ಬೆವರಿನಲ್ಲಿ ಹೋದ ನೀರು ಪೂರ್ತಿ ವಾಪಸು ಬಂದಿರುವುದಿಲ್ಲ. ದೂರ ಓಡುವವರ ಕಷ್ಟ ಇದಕ್ಕೆ ತದ್ವಿರುದ್ಧ: ಓಟದ ನಡುವೆ ಹೊಟ್ಟೆ ಕಿವುಚುತ್ತದೆ, ತಡೆಯಲಾಗದ ಅವಸರವಾಗುತ್ತದೆ. ಶ್ರಮ ಜಾಸ್ತಿಯಾದಂತೆ ರಕ್ತ ಕರುಳಿನ ಕಡೆಯಿಂದ ಸ್ನಾಯುಗಳತ್ತ ತಿರುಗುವುದು ಮತ್ತು ಪ್ರತಿ ಹೆಜ್ಜೆಗೂ ಕರುಳು ಕುಲುಕುವುದು ಇದಕ್ಕೆ ಕಾರಣ. ಇಬ್ಬರಿಗೂ ಸಿಗುವ ಸಲಹೆ ಮಾತ್ರ ಒಂದೇ, ನಾರು ಜಾಸ್ತಿ ತಿನ್ನಿ ಎಂದು. ಯಾವ ನಾರು, ಎಷ್ಟು, ಯಾವ ಹೊತ್ತಿಗೆ ಎಂದು ಬಿಡಿಸಿ ಹೇಳುವವರು ಕಡಿಮೆ. ಫಲಿತಾಂಶ ನಿಂತಿರುವುದೇ ಆ ಮೂರರ ಮೇಲೆ.

ಇಲ್ಲಿ ಹೋಲಿಸಿರುವ ನಾಲ್ಕನ್ನೂ ಒಂದೊಂದಾಗಿಯೇ ಬಳಸಿ ನೋಡಿದ್ದೇವೆ. ಆ ಅವಧಿಯಲ್ಲಿ ವ್ಯಾಯಾಮ, ಪ್ರೋಟೀನ್ ಪುಡಿ, ಕಾಫಿ ಯಾವುದನ್ನೂ ಬದಲಿಸಲಿಲ್ಲ. ನೀವು ಪರೀಕ್ಷಿಸುವಾಗಲೂ ಹೀಗೇ ಮಾಡಿ: ಒಂದು ನಾರಿಗೆ ಕನಿಷ್ಠ ಎರಡು ವಾರ, ನಂತರ ಒಂದು ವಾರ ಬಿಡುವು, ಆಮೇಲೆ ಇನ್ನೊಂದು. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಗ್ಯಾಸ್ ಯಾವುದರಿಂದ ಬಂತು ಎಂದು ತಿಳಿಯಲು ದಾರಿಯೇ ಇರುವುದಿಲ್ಲ.

ನಮ್ಮ ಮೊದಲ ಆಯ್ಕೆ ಇಸಬ್ಗೋಲ್. ಇದು ನೀರು ಕುಡಿದು ಲೋಳೆಯಾಗುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚು ಹುದುಗಿಸಲಾರವು. ಹಾಗಾಗಿ ಗ್ಯಾಸ್ ಕಡಿಮೆ, ಹಿಡಿದಿಟ್ಟ ನೀರು ಕೊನೆಯವರೆಗೂ ಉಳಿಯುತ್ತದೆ. ಗಟ್ಟಿ ಮಲವನ್ನು ಇದು ಮೆದುವಾಗಿಸುತ್ತದೆ, ತೆಳುವಾದದ್ದಕ್ಕೆ ಹದ ಕೊಡುತ್ತದೆ. ಭಾರ ಎತ್ತುವವರಿಗೂ ಓಡುವವರಿಗೂ ಒಂದೇ ಡಬ್ಬಿ ಸಾಕಾಗುವುದು ಇದೇ ಕಾರಣಕ್ಕೆ. ದಿನಕ್ಕೆ 3 ಗ್ರಾಂನಿಂದ ಶುರು ಮಾಡಿ, ವಾರದ ನಂತರ 5 ಗ್ರಾಂ, ಬೇಕೆನಿಸಿದರೆ ಎರಡು ಹೊತ್ತಿಗೆ ಹಂಚಿ 10 ಗ್ರಾಂ. ಚಮಚದ ಅಳತೆ ನಂಬಬೇಡಿ. ಸಿಪ್ಪೆ ಹಗುರ, ಪುಡಿ ಭಾರ. ಒಂದೇ ಚಮಚದಲ್ಲಿ ಪುಡಿ ದುಪ್ಪಟ್ಟು ತೂಗಬಹುದು. ಒಮ್ಮೆ ತಕ್ಕಡಿಯಲ್ಲಿ ತೂಗಿ ಗುರುತು ಮಾಡಿಕೊಂಡರೆ ಸಾಕು.

ಪ್ರತಿ 5 ಗ್ರಾಂಗೆ 250 ಮಿಲಿ ನೀರು ಬೇಕು. ಕಲಕಿದ ಕೂಡಲೇ ಕುಡಿಯಿರಿ, ಮೇಲೊಂದು ಲೋಟ ನೀರೂ ಇರಲಿ. ನೀರು ಕಡಿಮೆಯಾದರೆ ಲೋಳೆ ಗಟ್ಟಿಯಾಗಿ ಮಲಬದ್ಧತೆ ಹೆಚ್ಚುತ್ತದೆ. ಇಸಬ್ಗೋಲ್ ನನಗೆ ಆಗಲಿಲ್ಲ ಎನ್ನುವವರಲ್ಲಿ ಬಹಳಷ್ಟು ಜನರ ತೊಂದರೆ ಇದೇ. ಒಣಪುಡಿಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದಂತೂ ಅಪಾಯ, ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಲ್ಲದು. ನುಂಗಲು ಕಷ್ಟವಿರುವವರು, ಕರುಳು ಕಿರಿದಾಗಿರುವವರು ಇದರ ತಂಟೆಗೆ ಹೋಗಬಾರದು. ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊತ್ತು ಗೊತ್ತುಮಾಡಿಕೊಳ್ಳಿ. ಊಟಕ್ಕೆ ಮುಂಚೆ ಕುಡಿದರೆ ಹೊಟ್ಟೆ ತುಂಬಿದಂತಾಗಿ ಊಟ ಸೇರುವುದಿಲ್ಲ. ತೂಕ ಇಳಿಸುವವರಿಗೆ ಅದು ಅನುಕೂಲ, ತೂಕ ಏರಿಸುವವರು ಊಟದ ನಂತರ ತೆಗೆದುಕೊಳ್ಳಲಿ. ಪರಿಣಾಮ ಕಾಣಲು ಒಂದರಿಂದ ಮೂರು ದಿನ ಬೇಕಾಗುತ್ತದೆ. ಮೊದಲ ದಿನವೇ ಪ್ರಮಾಣ ಹೆಚ್ಚಿಸಬೇಡಿ.

ಗೋಧಿ ತೌಡು ಬೇರೆಯೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಇದು ಲೋಳೆಯಾಗುವುದಿಲ್ಲ. ಒರಟು ಕಣಗಳು ಕರುಳಿನ ಗೋಡೆಯನ್ನು ಕೆಣಕಿ ನೀರು, ಲೋಳೆ ಒಸರುವಂತೆ ಮಾಡುತ್ತವೆ, ಮಲ ಬೇಗ ಸಾಗುತ್ತದೆ. ಆದ್ದರಿಂದ ತೌಡು ಒರಟಾಗಿಯೇ ಇರಬೇಕು. ನುಣ್ಣಗೆ ಬೀಸಿದ್ದನ್ನು ತಂದರೆ ಆ ಕೆಣಕುವ ಗುಣವೇ ಹೋಗಿ ಮಲ ಇನ್ನಷ್ಟು ಗಟ್ಟಿಯಾಗಬಹುದು. ಎರಡು ದೊಡ್ಡ ಚಮಚ ಮೊಸರಿನಲ್ಲೋ ಗಂಜಿಯಲ್ಲೋ ಬೆರೆಸಿದರೆ ಸಾಕು. ಮಲಬದ್ಧತೆಯಿರುವ, ಓಡದ ಜನರಿಗೆ ಒಳ್ಳೆಯದೇ. ಓಡುವವರಿಗೆ ನಾವು ಹೇಳುವುದಿಲ್ಲ, ಅವಸರದ ಕರುಳಿಗೆ ಇದು ಇನ್ನಷ್ಟು ಅವಸರ ಹಚ್ಚುತ್ತದೆ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್ ಆಗದವರಿಗೆ ಇದು ಬೇಡವೇ ಬೇಡ.

ಇನ್ಯುಲಿನ್ ಬಗ್ಗೆ ಹೊಗಳಿಕೆ ಬಹಳ, ಅದರಲ್ಲಿ ಸತ್ಯವೂ ಇದೆ. ಚಿಕೋರಿ ಬೇರಿನಿಂದ ತೆಗೆಯುವ ಈ ನಾರು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಆದರೆ ಅದು ಬೇಗ ಹುದುಗುತ್ತದೆ, ಬೇಗ ಹುದುಗಿದರೆ ಗ್ಯಾಸೂ ಬೇಗ. ದಿನಕ್ಕೆ 2 ಗ್ರಾಂನಿಂದ ಮೆಲ್ಲಗೆ ಏರಿಸಿದರೆ ಹಲವರಿಗೆ ಒಗ್ಗುತ್ತದೆ. ಒಮ್ಮೆಗೇ 10 ಗ್ರಾಂ ತೆಗೆದುಕೊಂಡವರು ಸೊಂಟಕ್ಕೆ ಬೆಲ್ಟ್ ಬಿಗಿದು ಸ್ಕ್ವಾಟ್ ಮಾಡಲು ನಿಂತರೆ ಉಬ್ಬಿದ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಹುಳಿ ಮೇಲೆ ಬರುತ್ತದೆ. ಗಮನಿಸಬೇಕಾದದ್ದು ಇನ್ನೊಂದಿದೆ: ನಾರು ಹೆಚ್ಚಿದೆ ಎಂದು ಬರೆದಿರುವ ಎಷ್ಟೋ ಪ್ರೋಟೀನ್ ಬಾರ್‌ಗಳಲ್ಲಿ ಇರುವುದು ಇದೇ ಚಿಕೋರಿ ನಾರು. ಜೊತೆಗೆ ಮಾಲ್ಟಿಟಾಲ್, ಸಾರ್ಬಿಟಾಲ್‌ನಂತಹ ಸಿಹಿಕಾರಕಗಳೂ ಸೇರಿರುತ್ತವೆ. ಎರಡೂ ಕೂಡಿದರೆ ಹೊಟ್ಟೆ ಉಬ್ಬುವುದು, ಸಡಿಲವಾಗುವುದು ಸಹಜ. ಇನ್ಯುಲಿನ್ ಪುಡಿ ಶುರು ಮಾಡುವ ಮುನ್ನ ಬಾರ್‌ನ ಹಿಂಬದಿ ಓದಿಕೊಳ್ಳಿ, ಈಗಾಗಲೇ ತಿನ್ನುತ್ತಿರಬಹುದು.

ನಾಲ್ಕನೆಯದು ಭಾಗಶಃ ವಿಭಜಿಸಿದ ಗೌರ್ ಗಮ್, ಅಂದರೆ ಗೋರಿಕಾಯಿ ಬೀಜದಿಂದ ತೆಗೆಯುವ ಅಂಟು. ಐಸ್‌ಕ್ರೀಮ್, ಸಾಸ್ ದಪ್ಪ ಮಾಡಲು ಹಾಕುವ ಮಾಮೂಲಿ ಗೌರ್ ಗಮ್ ಇದಲ್ಲ, ಕೊಳ್ಳುವಾಗ ತಪ್ಪಬೇಡಿ. ಕಿಣ್ವದಿಂದ ತುಂಡರಿಸಿರುವುದರಿಂದ ನೀರಿನಲ್ಲಿ ಪೂರ್ತಿ ಕರಗುತ್ತದೆ, ರುಚಿಯಿಲ್ಲ, ದಪ್ಪವಾಗುವುದೂ ಇಲ್ಲ. ಹುದುಗುತ್ತದೆ, ಆದರೆ ನಿಧಾನವಾಗಿ. ಆದ್ದರಿಂದ ಇನ್ಯುಲಿನ್ ಕೊಟ್ಟಷ್ಟು ಗ್ಯಾಸ್ ಕೊಡುವುದಿಲ್ಲ. ದಿನಕ್ಕೆ 5 ಗ್ರಾಂ ಸಾಕು. ಇಸಬ್ಗೋಲಿನ ಲೋಳೆ ಗಂಟಲಿಗೆ ಇಳಿಯದವರಿಗೆ, ಸ್ವಲ್ಪಕ್ಕೇ ಹೊಟ್ಟೆ ಉಬ್ಬುವವರಿಗೆ ನಾವು ಸೂಚಿಸುವುದು ಇದನ್ನೇ. ತೀರಾ ಗಟ್ಟಿ ಮಲಕ್ಕೆ ಮಾತ್ರ ಇಸಬ್ಗೋಲಿನಷ್ಟು ಬಲವಿಲ್ಲ.

ಹೊತ್ತಿನ ವಿಷಯದಲ್ಲಿ ನಾಲ್ಕಕ್ಕೂ ಒಂದೇ ಮಾತು: ವ್ಯಾಯಾಮಕ್ಕೆ ಮುಂಚಿನ ಮೂರು ಗಂಟೆಯಲ್ಲಿ ಬೇಡ. ರಕ್ತ ಕಡಿಮೆಯಾದ ಕರುಳಿಗೆ ಆ ಹೊತ್ತಿನಲ್ಲಿ ನಾರು, ಕೊಬ್ಬು ಎರಡೂ ಹೊರೆ. ಬೆಳಗ್ಗೆ ವ್ಯಾಯಾಮ ಮಾಡುವವರು ಸಂಜೆ, ಸಂಜೆ ಮಾಡುವವರು ಬೆಳಗ್ಗೆ ತೆಗೆದುಕೊಳ್ಳಬಹುದು. ಇವು ಊಟದ ನಾರಿಗೆ ಬದಲಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಆಹಾರದಿಂದಲೇ ಬರಲಿ ಎನ್ನುತ್ತದೆ. ಪುಡಿ ಕೊಡುವುದು ಅದರ ಒಂದು ಪಾಲಿನಷ್ಟು ಮಾತ್ರ.

ನಾಲ್ಕೂ ಆಗಲಿಲ್ಲ ಎಂದಾದರೆ ನಾರನ್ನು ಬಿಟ್ಟು ಪ್ರೋಟೀನ್ ಪುಡಿ ಕಲಸುವ ಶೇಕರ್ ಕಡೆ ನೋಡಿ. ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯಾದ ವೇ ಕಾನ್ಸಂಟ್ರೇಟ್‌ನಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇದೆ ಎಂದು, ಅದನ್ನು ಬಹುಪಾಲು ತೆಗೆದ ದುಬಾರಿ ಐಸೊಲೇಟ್‌ಗೆ ಹಾರುವವರು ಮೊದಲು ಲೆಕ್ಕ ಹಾಕಲಿ. ಶೇಕಡಾ 80ರಷ್ಟು ಪ್ರೋಟೀನ್ ಇರುವ ಪುಡಿಯ 30 ಗ್ರಾಂ ಸ್ಕೂಪ್‌ನಲ್ಲಿ ಲ್ಯಾಕ್ಟೋಸ್ ಸಾಮಾನ್ಯವಾಗಿ 2 ಗ್ರಾಂ ಆಸುಪಾಸು. ಅದನ್ನು ಕಲಸುವ 300 ಮಿಲಿ ಹಾಲಿನಲ್ಲಿ ಸುಮಾರು 15 ಗ್ರಾಂ. ಲ್ಯಾಕ್ಟೋಸ್ ಜೀರ್ಣವಾಗದವರಲ್ಲೂ ಬಹುತೇಕರು ಒಂದು ಹೊತ್ತಿಗೆ 12 ಗ್ರಾಂವರೆಗೆ ತಾಳಿಕೊಳ್ಳಬಲ್ಲರು. ಅಂದರೆ ಹಾಲಿನ ಬದಲು ನೀರು ಹಾಕಿದರೆ ಎಷ್ಟೋ ಜನರ ತೊಂದರೆ ಅಲ್ಲೇ ಮುಗಿಯುತ್ತದೆ. ಓಟಕ್ಕೆ ಮುನ್ನ ನೋವಿಗೆಂದು ಐಬುಪ್ರೊಫೇನ್ ನುಂಗುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಶ್ರಮದ ವೇಳೆ ಕರುಳಿನ ಒಳಪದರಕ್ಕೆ ಆಗುವ ಪೆಟ್ಟನ್ನು ಅದು ಹೆಚ್ಚಿಸುತ್ತದೆ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ: ಇವುಗಳಲ್ಲಿ ಒಂದು ಕಂಡರೂ ಪುಡಿಗಳ ಪ್ರಯೋಗ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ದೂರದ ಓಟದ ಸ್ಪರ್ಧೆಯಿದ್ದರೆ ಲೆಕ್ಕ ಬೇರೆ. ಒಂದೆರಡು ದಿನ ಮೊದಲೇ ನಾಲ್ಕನ್ನೂ ನಿಲ್ಲಿಸಿ, ಊಟದ ನಾರನ್ನೂ ಇಳಿಸಿ. ಮುಗಿದ ಮರುದಿನ ಹಳೆಯ ಪ್ರಮಾಣದ ಅರ್ಧದಿಂದ ಮತ್ತೆ ಶುರು ಮಾಡಿ.